ಹಿಮದ ಹಾದಿಗೆ ಹೊರಡುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಆಲ್ಪ್ಸ್ ಪರ್ವತಗಳಲ್ಲಿ ಚಳಿಗಾಲದ ಸುಲಭ ನಡಿಗೆಯನ್ನು ಕುರಿತು ಹಲವು ಓದುಗರು ಪ್ರಶ್ನೆಗಳನ್ನು ಕಳುಹಿಸಿದ್ದಾರೆ. ಅವರಲ್ಲಿ ಮಕ್ಕಳ ಮನೆಗೆಂದು ಯುರೋಪಿಗೆ ಹೊರಟಿರುವ ಹಿರಿಯರಿದ್ದಾರೆ, ಅಲ್ಲಿಯೇ ನೆಲೆಸಿರುವ ಕನ್ನಡಿಗರೂ ಇದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮಗಳು ಜೂರಿಕ್‌ನಲ್ಲಿದ್ದಾಳೆ. ಡಿಸೆಂಬರ್ ಕೊನೆಯಿಂದ ಫೆಬ್ರುವರಿ ಮಧ್ಯದವರೆಗೆ ನಾವಿಬ್ಬರೂ ಅಲ್ಲಿರುತ್ತೇವೆ. ನನಗೆ 66 ವರ್ಷ, ಪತ್ನಿಗೆ 61. ಪ್ರತಿದಿನ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯನ್ನು ಒಂದು ಸುತ್ತು ಬರುವ ಅಭ್ಯಾಸ ನಮಗಿದೆ. ಸ್ಕೀ ಆಟ ನಮ್ಮಿಂದಾಗುವಂಥದ್ದಲ್ಲ. ಹಿಮದ ಮೇಲೆ ಸುಮ್ಮನೆ ನಡೆದು ಬರಲು ಸಾಧ್ಯವೇ? ಮೊದಲು ಎಲ್ಲಿಗೆ ಹೋಗಬೇಕು? (ಮೈಸೂರು)

ಉತ್ತರ: ಖಂಡಿತ ಸಾಧ್ಯ. ಸ್ವಿಟ್ಜರ್ಲೆಂಡಿನಲ್ಲಿ ಸ್ಕೀ ಮಾಡದವರಿಗೆಂದೇ ಚಳಿಗಾಲದ ನಡಿಗೆಯ ಹಾದಿಗಳಿವೆ. ಜರ್ಮನ್ ಮಾತನಾಡುವ ಪ್ರದೇಶಗಳಲ್ಲಿ ಇವನ್ನು ವಿಂಟರ್‌ವಾಂಡರ್‌ವೆಗ್ ಎಂದು ಕರೆಯುತ್ತಾರೆ. ಸ್ಕೀ ಇಳಿಜಾರುಗಳನ್ನು ಸಮಮಾಡುವ, ಟ್ಯಾಂಕಿನಂತೆ ಪಟ್ಟಿಗಾಲಿಯ ಮೇಲೆ ಓಡುವ ದೊಡ್ಡ ಯಂತ್ರವೇ ಹಿಮ ಬಿದ್ದ ಮೇಲೆ ಈ ಹಾದಿಗಳ ಮೇಲೂ ಓಡಾಡಿ, ಸಡಿಲ ಹಿಮವನ್ನು ಒತ್ತಿ, ಇಬ್ಬರು ಮೂವರು ಅಕ್ಕಪಕ್ಕದಲ್ಲಿ ಮಾತನಾಡುತ್ತಾ ನಡೆಯುವಷ್ಟು ಅಗಲಕ್ಕೆ ಹದಗೊಳಿಸುತ್ತದೆ. ಬೇಸಿಗೆಯ ಕಾಲುದಾರಿಗಳಿಗೆ ಹಳದಿ ಫಲಕಗಳಿದ್ದರೆ ಇವಕ್ಕೆ ಕಡುಗುಲಾಬಿ ಬಣ್ಣದ ಫಲಕಗಳಿರುತ್ತವೆ. ಚಳಿಗಾಲದಲ್ಲಿ ಬೆಟ್ಟದ ಮೇಲೆ ಹಳದಿ ಫಲಕ ಕಂಡರೆ ಅದನ್ನು ನಂಬಿ ಹೊರಡಬೇಡಿ. ಅದು ತೋರಿಸುವ ದಾರಿ ಹಿಮದಡಿಯಲ್ಲಿ ಹೂತಿರಬಹುದು, ಕಡಿದಾದ ಇಳಿಜಾರನ್ನು ಅಡ್ಡಹಾಯುವುದೂ ಇರಬಹುದು. ಗುಲಾಬಿ ಫಲಕದಲ್ಲಿಯೂ ಚಿತ್ರವನ್ನು ಗಮನಿಸಬೇಕು: ನಡೆಯುವ ಮನುಷ್ಯನ ಚಿತ್ರವಿದ್ದರೆ ಅದು ಹದಗೊಳಿಸಿದ ಹಾದಿ, ಹಿಮಪಾದುಕೆಯ ಚಿತ್ರವಿದ್ದರೆ ಅದು ಸಡಿಲ ಹಿಮದಲ್ಲಿ ಅಗಲವಾದ ಪಾದುಕೆ ಕಟ್ಟಿಕೊಂಡು ಹೋಗುವವರ ಜಾಡು, ನಿಮ್ಮದಲ್ಲ.

ಕೆರೆಯ ಸುತ್ತು ದಿನವೂ ನಡೆಯುವವರಿಗೆ ಕಾಲಿನ ಶಕ್ತಿ ಸಾಕಷ್ಟಿದೆ. ಹೊಸತಾಗಿ ಕಲಿಯಬೇಕಾದದ್ದು ಹೊರಟ ದಾರಿಯಿಂದ ಹಿಂತಿರುಗುವುದನ್ನು ಮೊದಲೇ ಲೆಕ್ಕಹಾಕುವುದನ್ನು. ಚಳಿಗಾಲದ ನಡಿಗೆಯನ್ನು ಕೊನೆಯಿಂದ ಮೊದಲಿಗೆ ಯೋಜಿಸಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೆಳಗಿಳಿಸುವ ಕೊನೆಯ ರೈಲು ಅಥವಾ ಕೇಬಲ್ ಕಾರ್ ಎಷ್ಟು ಹೊತ್ತಿಗೆ, ಅದಕ್ಕೆ ಮುಂಚಿನದು ಎಷ್ಟು ಹೊತ್ತಿಗೆ, ದಾರಿಯ ನಡುವೆ ಸಾಕೆನಿಸಿದರೆ ಎಲ್ಲಿ ವಾಹನ ಹತ್ತಬಹುದು ಎಂಬ ಮೂರು ವಿಷಯಗಳು ಖಚಿತವಾದ ಮೇಲೆಯೇ ಹೊರಡುವ ರೈಲನ್ನು ಆರಿಸಬೇಕು.

ಈ ಲೆಕ್ಕಕ್ಕೆ ಚೆನ್ನಾಗಿ ಒಗ್ಗುವ ಜಾಗ ರಿಗಿ ಬೆಟ್ಟ. ಆದ್ದರಿಂದ ಮೊದಲ ನಡಿಗೆಗೆ ನಾನು ಅದನ್ನೇ ಸೂಚಿಸುತ್ತೇನೆ. ಜೂರಿಕ್‌ನಿಂದ ಮುಕ್ಕಾಲು ಗಂಟೆಯ ರೈಲು ಪ್ರಯಾಣದಲ್ಲಿ ಆರ್ಟ್-ಗೋಲ್ಡಾವ್ ನಿಲ್ದಾಣ ಸಿಗುತ್ತದೆ. ಅಲ್ಲಿಂದ ಹಳಿಗಳ ನಡುವಣ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಏರುವ ಬೆಟ್ಟದ ರೈಲು ಹೊರಡುತ್ತದೆ. ರಿಗಿಗೆ ಫಿಟ್ಸ್‌ನಾವ್ ಕಡೆಯಿಂದ 1871ರಲ್ಲಿ ಬಂದ ಹಲ್ಲುಪಟ್ಟಿಯ ರೈಲು ಯುರೋಪಿನ ಮೊದಲ ಬೆಟ್ಟದ ರೈಲು; ನೀವು ಹತ್ತುವ ಆರ್ಟ್ ಕಡೆಯ ಮಾರ್ಗ ಬಂದದ್ದು ಅದಾದ ನಾಲ್ಕು ವರ್ಷಕ್ಕೆ, 1875ರಲ್ಲಿ. ರಿಗಿ ಸ್ಟಾಫೆಲ್ ಎಂಬಲ್ಲಿ ಇಳಿದು, ಫಿಟ್ಸ್‌ನಾವ್ ಕಡೆಗೆ ಇಳಿಯುವ ರೈಲು ಹಿಡಿದರೆ ಕಾರುಗಳ ಓಡಾಟವಿಲ್ಲದ ರಿಗಿ ಕಾಲ್ಟ್‌ಬಾಡ್ ಊರು ಬರುತ್ತದೆ. ಅಲ್ಲಿಂದ ರಿಗಿ ಫಿರ್ಸ್ಟ್ ಮಾರ್ಗವಾಗಿ ರಿಗಿ ಶೈಡೆಗ್‌ವರೆಗೆ ಸುಮಾರು 7 ಕಿ.ಮೀ. ಹಾದಿ. ಇದರ ಬಹುಭಾಗ ಹಿಂದೊಮ್ಮೆ ರೈಲುಮಾರ್ಗವಾಗಿತ್ತು. 1870ರ ದಶಕದಲ್ಲಿ ಹಾಕಿದ ಆ ರೈಲು 1931ರಲ್ಲಿ ನಿಂತುಹೋಯಿತು. ಹಳಿ ಹೋದರೂ ಮಟ್ಟವಾದ ನೆಲಗಟ್ಟು, ಒಂದು ಕಬ್ಬಿಣದ ಸೇತುವೆ, ಒಂದು ಚಿಕ್ಕ ಸುರಂಗ ಉಳಿದಿವೆ. ಉಗಿಬಂಡಿ ಏರಬಲ್ಲ ದಾರಿಯಾಗಿದ್ದರಿಂದ ಒಟ್ಟು 200 ಮೀಟರಿನಷ್ಟು ಏರು 7 ಕಿ.ಮೀ. ಉದ್ದಕ್ಕೂ ಹರಡಿಹೋಗಿ ಕಾಲಿಗೆ ತಿಳಿಯುವುದೇ ಇಲ್ಲ. 1,656 ಮೀಟರ್ ಎತ್ತರದ ಶೈಡೆಗ್‌ನಿಂದ ಕ್ರೇಬೆಲ್‌ಗೆ ಇಳಿಯಲು ಕೇಬಲ್ ಕಾರ್ ಇದೆ, ಕ್ರೇಬೆಲ್‌ನಿಂದ ನೀವು ಬೆಳಿಗ್ಗೆ ಹತ್ತಿದ ರೈಲೇ ಆರ್ಟ್-ಗೋಲ್ಡಾವ್‌ಗೆ ಕರೆದೊಯ್ಯುತ್ತದೆ. ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯಬೇಕಿಲ್ಲ. ಆ ಕೇಬಲ್ ಕಾರ್ ಅಂದು ಓಡುತ್ತಿದೆಯೇ ಎಂಬುದನ್ನು ಬೆಳಿಗ್ಗೆಯೇ ನೋಡಿಕೊಳ್ಳಬೇಕು. ಜೋರು ಗಾಳಿ ಇದ್ದರೆ ಅದನ್ನು ನಿಲ್ಲಿಸುತ್ತಾರೆ. ಹಾಗಾದ ದಿನ ಅರ್ಧ ದಾರಿ ನಡೆದು ಕಾಲ್ಟ್‌ಬಾಡ್‌ಗೇ ಮರಳುವುದು ಜಾಣತನ.

ಇನ್ನೊಂದು ಮಾತು. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಜೂರಿಕ್ ಮೇಲೆ ದಿನಗಟ್ಟಲೆ ಬೂದುಬಣ್ಣದ ಮಂಜು ಕವಿದಿರುತ್ತದೆ. ಕಿಟಕಿಯಿಂದ ಅದನ್ನು ನೋಡಿ, ಇವತ್ತು ಹವೆ ಸರಿಯಿಲ್ಲ ಎಂದು ಮನೆಯಲ್ಲಿ ಕುಳಿತುಬಿಡುವ ತಂದೆತಾಯಂದಿರನ್ನು ಬಹಳ ಕಂಡಿದ್ದೇನೆ. ತಣ್ಣನೆಯ ಭಾರವಾದ ಗಾಳಿ ತಗ್ಗಿನಲ್ಲಿ ಉಳಿದು, ಬೆಚ್ಚನೆಯ ಗಾಳಿ ಅದರ ಮೇಲೆ ಮುಚ್ಚಳದಂತೆ ಕುಳಿತಾಗ ಈ ಮಂಜು ಹುಟ್ಟುತ್ತದೆ. ಅನೇಕ ದಿನ ಅದರ ಮೇಲ್ಮೈ ಸಾವಿರ ಮೀಟರಿನ ಆಸುಪಾಸಿನಲ್ಲಿರುತ್ತದೆ. ರೈಲು ಅದನ್ನು ದಾಟಿ ಮೇಲೇರಿದ ಕ್ಷಣ ಕಣ್ಣು ಕುಕ್ಕುವ ಬಿಸಿಲು, ಕೆಳಗೆ ಹಾಲಿನ ಕಡಲು. ಕೆಳಗಿಗಿಂತ ಮೇಲೆಯೇ ಬೆಚ್ಚಗಿರುವ ದಿನಗಳೂ ಇವೆ. ಬೆಟ್ಟದ ಮೇಲಿನ ಕ್ಯಾಮೆರಾಗಳ ನೇರ ಚಿತ್ರ ಅಂತರ್ಜಾಲದಲ್ಲಿ ಸಿಗುತ್ತದೆ. ಮಗಳಿಗೆ ಹೇಳಿ ಬೆಳಿಗ್ಗೆ ಎಂಟೂವರೆಗೆ ಅದನ್ನು ನೋಡಿ ತೀರ್ಮಾನಿಸಿ, ಕಿಟಕಿಯನ್ನು ನೋಡಿ ಅಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ಎರಡು ಗಂಟೆಯಲ್ಲಿ ಮುಗಿಸಿದ ದಾರಿಗೆ ಚಳಿಗಾಲದಲ್ಲಿ ಎಷ್ಟು ಸಮಯ ಇಟ್ಟುಕೊಳ್ಳಬೇಕು? ಎಷ್ಟು ಗಂಟೆಗೆ ಹೊರಟರೆ ಒಳ್ಳೆಯದು? (ಬಾಸೆಲ್)

ಉತ್ತರ: ಸ್ವಿಸ್ ಫಲಕಗಳಲ್ಲಿ ಬರೆದ ನಡಿಗೆಯ ಸಮಯವು ಸಮತಟ್ಟಿನಲ್ಲಿ ಗಂಟೆಗೆ 4.2 ಕಿ.ಮೀ. ಎಂಬ ಲೆಕ್ಕದಿಂದ ಹೊರಟದ್ದು. ಅದರಲ್ಲಿ ಕುಳಿತು ಚಹಾ ಕುಡಿದ ಹೊತ್ತು ಸೇರಿಲ್ಲ, ಫೋಟೊ ತೆಗೆದ ಹೊತ್ತೂ ಸೇರಿಲ್ಲ. ಒತ್ತಿದ ಹಿಮದ ಮೇಲೂ ಪಾದ ಪ್ರತಿ ಹೆಜ್ಜೆಗೂ ಸ್ವಲ್ಪ ಹಿಂದಕ್ಕೆ ಜಾರುತ್ತದೆ, ಮಧ್ಯಾಹ್ನ ಬಿಸಿಲಿಗೆ ಮೆತ್ತಗಾದರೆ ಮರಳಿನ ಮೇಲೆ ನಡೆದಂತಾಗುತ್ತದೆ. ನನ್ನ ಅನುಭವದಲ್ಲಿ ಅಭ್ಯಾಸವಿರುವವರು ಫಲಕದ ಸಮಯಕ್ಕೆ ಕಾಲು ಭಾಗವನ್ನೂ, ಹಿರಿಯರೋ ಮಕ್ಕಳೋ ಜೊತೆಗಿದ್ದರೆ ಅರ್ಧ ಭಾಗವನ್ನೂ ಸೇರಿಸಿಕೊಳ್ಳಬೇಕು. ವಿಶ್ರಾಂತಿಯ ಸಮಯ ಬೇರೆ.

ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಎಂಟು ಗಂಟೆ ಕಳೆದ ಮೇಲೆ, ಮುಳುಗುವುದು ಸಂಜೆ 4.40ರ ಹೊತ್ತಿಗೆ. ಕಣಿವೆಯಲ್ಲಿ ಬೆಟ್ಟದ ನೆರಳು ಅದಕ್ಕೂ ಬಹಳ ಮುಂಚೆ ಬೀಳುತ್ತದೆ, ಬಿದ್ದ ಕೆಲವೇ ನಿಮಿಷಗಳಲ್ಲಿ ಬೆರಳುಗಳಿಗೆ ಅದು ತಿಳಿಯುತ್ತದೆ. ಸ್ಕೀ ಪ್ರದೇಶಗಳ ಅನೇಕ ಕೇಬಲ್ ಕಾರ್‌ಗಳು ನಾಲ್ಕು, ನಾಲ್ಕೂವರೆಗೇ ನಿಲ್ಲುತ್ತವೆ. ಆದ್ದರಿಂದ ಹತ್ತು ಗಂಟೆಗೆ ಹಾದಿಯ ಮೇಲಿರುವುದು, ಮಧ್ಯಾಹ್ನ ಎರಡೂವರೆ ಮೂರರೊಳಗೆ ನಡಿಗೆ ಮುಗಿಸುವುದು ಡಿಸೆಂಬರ್ ಮತ್ತು ಜನವರಿಗೆ ಸರಿಯಾದ ಅಳತೆ. ಫೆಬ್ರುವರಿಯಲ್ಲಿ ಹಗಲು ಉದ್ದವಾಗುತ್ತದೆ, ಹಿಮವೂ ಗಟ್ಟಿಯಾಗಿ ಕೂತಿರುತ್ತದೆ. ಶಾಲೆಗಳ ಸ್ಕೀ ರಜೆಯ ವಾರಗಳನ್ನು ಬಿಟ್ಟರೆ ಅದೇ ನನಗೆ ಪ್ರಿಯವಾದ ತಿಂಗಳು. ಮಾರ್ಚ್‌ನಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ರಾತ್ರಿ ಹೆಪ್ಪುಗಟ್ಟಿದ ಹಾದಿ ಬೆಳಿಗ್ಗೆ ಗಾಜಿನಂತಿದ್ದು, ಹನ್ನೊಂದಕ್ಕೆ ನಡೆಯಲು ಹಿತವಾಗಿ, ಎರಡು ಗಂಟೆಯ ಮೇಲೆ ಕೆಸರಿನಂತಾಗುತ್ತದೆ.

ಈ ಪಾಠವನ್ನು ನಾನು ಬೆಲೆ ಕೊಟ್ಟೇ ಕಲಿತೆ. ವರ್ಷಗಳ ಹಿಂದೆ ಒಂದು ಜನವರಿಯಲ್ಲಿ, ಊರಿಂದ ಬಂದಿದ್ದ ಅತ್ತೆ ಮಾವಂದಿರನ್ನು ಕರೆದುಕೊಂಡು ಹೋದವನು ಕೊನೆಯ ಕೇಬಲ್ ಕಾರ್‌ಗೆ ಹದಿನೈದು ನಿಮಿಷ ಉಳಿಯುವಂತೆ ಸಮಯ ಹೊಂದಿಸಿದ್ದೆ. ಮಾವನವರ ಬೂಟಿನ ದಾರ ಬಿಚ್ಚಿತು. ಹೆಪ್ಪುಗಟ್ಟಿದ ಗಂಟು, ಮರಗಟ್ಟಿದ ಬೆರಳು, ಕೈಗವಸು ತೆಗೆಯುವುದು, ಹಾಕುವುದು. ನಾವು ತಲುಪಿದಾಗ ಬಾಗಿಲು ಮುಚ್ಚಿತ್ತು. ಎರಡು ಗಂಟೆಯ ಇಳಿಜಾರನ್ನು ಫೋನಿನ ಬೆಳಕಿನಲ್ಲಿ ಇಳಿದೆವು. ಯಾರಿಗೂ ಏನೂ ಆಗಲಿಲ್ಲ, ಆದರೆ ಅತ್ತೆಯವರು ಆ ರಾತ್ರಿ ನನ್ನೊಂದಿಗೆ ಮಾತನಾಡಲಿಲ್ಲ. ಅಂದಿನಿಂದ ಕೊನೆಯ ವಾಹನವನ್ನು ನಾನು ಇಲ್ಲವೆಂದೇ ಭಾವಿಸಿ, ಅದಕ್ಕೆ ಮುಂಚಿನದರ ಹಿಂದಿನದಕ್ಕೆ ಲೆಕ್ಕ ಹಾಕುತ್ತೇನೆ.

ಪ್ರಶ್ನೆ: ಆಲ್ಪ್ಸ್‌ನಲ್ಲಿ ಹಿಮ ಕುಸಿದು ಜನ ಸತ್ತ ಸುದ್ದಿಗಳನ್ನು ಓದುತ್ತಿರುತ್ತೇವೆ. ಮಗ ಸೊಸೆ ಪ್ರತಿ ವಾರ ಬೆಟ್ಟಕ್ಕೆ ಹೋಗುತ್ತಾರೆ. ಇಂಥ ಹಾದಿಗಳು ನಿಜವಾಗಿಯೂ ಸುರಕ್ಷಿತವೇ? (ಹುಬ್ಬಳ್ಳಿ)

ಉತ್ತರ: ನಿಮ್ಮ ಆತಂಕ ಸಹಜವಾದದ್ದು. ಆದರೆ ಅಂಥ ಸುದ್ದಿಗಳಲ್ಲಿ ಬಹುಪಾಲು ಗುರುತು ಮಾಡಿದ ಹಾದಿಯನ್ನು ಬಿಟ್ಟು, ಯಾರೂ ತುಳಿಯದ ಇಳಿಜಾರಿನಲ್ಲಿ ಸ್ಕೀ ಮಾಡಲು ಹೋದವರವು. ಕುಸಿದ ಹಿಮದ ಹಲಗೆಯನ್ನು ಸಡಿಲಿಸಿದ್ದೂ ಸಾಮಾನ್ಯವಾಗಿ ಅವರದೇ ಭಾರ. ಅಧಿಕೃತ ಚಳಿಗಾಲದ ನಡಿಗೆಯ ಹಾದಿಯನ್ನು ಹಿಮಕುಸಿತದಂಥ ಅಪಾಯಗಳಿಂದ ಕಾಪಾಡುವ ಹೊಣೆ ಅದನ್ನು ನಿರ್ವಹಿಸುವವರದು. ಅಪಾಯವಿದ್ದರೆ ಹಾದಿಯನ್ನು ಮುಚ್ಚುತ್ತಾರೆ. ಮುಚ್ಚಿದ ಹಾದಿಗೆ ಅಡ್ಡಲಾಗಿ ಹಗ್ಗವೋ ಫಲಕವೋ ಇರುತ್ತದೆ. ಆಚೆಗೆ ಹೊಸ ಹೆಜ್ಜೆಗುರುತುಗಳು ಕಂಡರೂ, ಬಿಸಿಲು ಹೊಳೆಯುತ್ತಿದ್ದರೂ ಅದನ್ನು ದಾಟಬಾರದು. ಭಾರಿ ಹಿಮ ಬಿದ್ದ ಮರುದಿನದ ಸುಂದರವಾದ ನೀಲಿ ಬೆಳಗೇ ಅನೇಕ ಸಲ ಅಪಾಯದ ಬೆಳಗು.

ದಾವೋಸ್‌ನಲ್ಲಿರುವ ಹಿಮ ಮತ್ತು ಹಿಮಕುಸಿತ ಸಂಶೋಧನಾ ಸಂಸ್ಥೆಯು ಚಳಿಗಾಲದುದ್ದಕ್ಕೂ ಸಂಜೆ 5 ಗಂಟೆಗೆ, ಮತ್ತೆ ಬೆಳಿಗ್ಗೆ 8 ಗಂಟೆಗೆ ಹಿಮಕುಸಿತದ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಅಪಾಯವನ್ನು 1ರಿಂದ 5ರವರೆಗಿನ ಮಟ್ಟಗಳಲ್ಲಿ ಹೇಳುತ್ತಾರೆ. ಸಂಸ್ಥೆಯ ವೈಟ್ ರಿಸ್ಕ್ ಎಂಬ ಆ್ಯಪ್‌ನಲ್ಲಿಯೂ ಇದು ಸಿಗುತ್ತದೆ. ಹದಗೊಳಿಸಿದ ಹಾದಿಯಲ್ಲಿ ಮಾತ್ರ ನಡೆಯುವವರು ಇದನ್ನು ಅಧ್ಯಯನ ಮಾಡಬೇಕಿಲ್ಲ; ಮಟ್ಟ 4 ಅಥವಾ 5 ಎಂದಿದ್ದ ದಿನ ಬೆಟ್ಟವನ್ನು ಬಿಟ್ಟು ಊರಿನ ಕೆರೆದಂಡೆಗೆ ಹೋದರಾಯಿತು. ಹಾದಿಗಳು ತೆರೆದಿವೆಯೇ ಎಂಬುದನ್ನು ಆಯಾ ಊರಿನ ಪ್ರವಾಸಿ ಕಚೇರಿಯ ಪಟ್ಟಿಯಲ್ಲಿ ನೋಡಬಹುದು, ಸ್ವಿಟ್ಜರ್ಲೆಂಡ್ ಮೊಬಿಲಿಟಿ ಎಂಬ ಜಾಲತಾಣದ ಭೂಪಟದಲ್ಲಿ ಚಳಿಗಾಲದ ಹಾದಿಗಳನ್ನು ಪ್ರತ್ಯೇಕವಾಗಿ ತೋರಿಸಿದ್ದಾರೆ.

ಹಿಮಕುಸಿತಕ್ಕಿಂತ ನಿಮ್ಮ ಮಕ್ಕಳಿಗೆ ನೀವು ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಸಂಜೆ ಅವರು ಎಷ್ಟು ಹೊತ್ತಿಗೆ ಕೆಳಗಿಳಿಯುತ್ತಾರೆ? ಕೇಬಲ್ ಕಾರ್ ನಿಂತ ಮೇಲೆ ಹಾದಿ ಹದಗೊಳಿಸುವ ಯಂತ್ರಗಳು ಕೆಲಸಕ್ಕೆ ಇಳಿಯುತ್ತವೆ. ಕಡಿದಾದ ಇಳಿಜಾರಿನಲ್ಲಿ ಅವನ್ನು ಮೇಲಿನಿಂದ ಉದ್ದನೆಯ ಉಕ್ಕಿನ ಹಗ್ಗದಿಂದ ಎಳೆದು ಹಿಡಿದಿರುತ್ತಾರೆ. ಬಿಗಿದ ಆ ಹಗ್ಗ ಕತ್ತಲಲ್ಲಿ ಕಾಣುವುದಿಲ್ಲ, ಅದು ಅಡ್ಡಕ್ಕೆ ಚಿಮ್ಮಿದರೆ ಮನುಷ್ಯ ಉಳಿಯುವುದಿಲ್ಲ. ಚಂದ್ರನ ಬೆಳಕಿನಲ್ಲಿ ಸ್ಕೀ ಇಳಿಜಾರಿನ ಮೇಲೆ ನಡೆದು ಬರೋಣವೆಂಬ ಹುಮ್ಮಸ್ಸು ಯುವಕರಿಗೆ ಬರುತ್ತದೆ. ಅದು ಬೇಡವೆಂದು ಗಟ್ಟಿಯಾಗಿ ಹೇಳಿ. ಸ್ವಿಟ್ಜರ್ಲೆಂಡಿನಲ್ಲಿ ಬೆಟ್ಟದ ಹೆಲಿಕಾಪ್ಟರ್ ರಕ್ಷಣಾ ಸೇವೆ ರೆಗಾದ ಸಂಖ್ಯೆ 1414, ಯುರೋಪಿನಾದ್ಯಂತ ತುರ್ತು ಕರೆಗೆ 112. ಚಳಿಗೆ ಫೋನಿನ ಬ್ಯಾಟರಿ ಬೇಗ ಕುಸಿಯುವುದರಿಂದ ಫೋನನ್ನು ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಬೇಕು.

ಪ್ರಶ್ನೆ: ನಮಗೆ ನಾಲ್ಕು ವರ್ಷದ ಮಗಳೂ ಒಂಬತ್ತು ತಿಂಗಳ ಮಗನೂ ಇದ್ದಾರೆ. ಮಗನನ್ನು ಬೆನ್ನಿನ ಚೀಲದಲ್ಲಿ ಹೊತ್ತುಕೊಂಡು ಹೋಗಬಹುದೇ? (ಬರ್ನ್)

ಉತ್ತರ: ಹೋಗಬಹುದು, ಆದರೆ ಬಹಳ ಚಿಕ್ಕದಾಗಿ. ಹೊತ್ತವರು ಬೆವರುತ್ತಿರುವಾಗ ಹೊರಿಸಿಕೊಂಡ ಮಗು ಅಲುಗಾಡದೆ ಕುಳಿತು ತಣ್ಣಗಾಗುತ್ತಿರುತ್ತದೆ. ನಮ್ಮ ಮೈಬಿಸಿಯನ್ನು ನೋಡಿ ಮಗುವಿನ ಚಳಿಯನ್ನು ಅಳೆಯುವುದೇ ತಾಯಿತಂದೆಯರು ಮಾಡುವ ತಪ್ಪು. ಬೆನ್ನಿನ ಚೀಲಕ್ಕಿಂತ ಎದೆಗೆ ಕಟ್ಟಿ, ಮೇಲೆ ನಿಮ್ಮ ಕೋಟನ್ನೇ ಮುಚ್ಚುವುದು ಒಳ್ಳೆಯದು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕೈ ಒಳಗಿಟ್ಟು ಮಗುವಿನ ಕತ್ತಿನ ಹಿಂಭಾಗವನ್ನು ಮುಟ್ಟಿ ನೋಡಿ. ಕಾಲಿನ ಸುತ್ತ ಚೀಲದ ಪಟ್ಟಿ ಬಿಗಿಯಾದರೆ ರಕ್ತಸಂಚಾರ ಕುಂದಿ ಪಾದ ಮೊದಲು ತಣ್ಣಗಾಗುತ್ತದೆ. ಒಟ್ಟು ಒಂದು ಗಂಟೆ ಸಾಕು.

ಮಗಳಿಗೆ ಮರದ ಚಿಕ್ಕ ಜಾರುಬಂಡಿಯೊಂದನ್ನು ಬಾಡಿಗೆಗೆ ತೆಗೆದುಕೊಳ್ಳಿ. ಅವಳು ನಡೆದಷ್ಟು ನಡೆದು, ಉಳಿದದ್ದಕ್ಕೆ ಹಗ್ಗ ಹಿಡಿದು ಎಳೆಯಬಹುದು. ಬಂಡಿಯ ಮೇಲೆ ದಪ್ಪ ಕಂಬಳಿ ಹಾಸುವುದನ್ನು ಮರೆಯಬೇಡಿ.

ಬರ್ನ್‌ನಿಂದ ನಿಮಗೆ ಹೊಂದುವ ಜಾಗ ಮ್ಯೂರನ್. ಇಂಟರ್‌ಲಾಕನ್ ದಾಟಿ ಲೌಟರ್‌ಬ್ರುನ್ನನ್‌ಗೆ ರೈಲಿನಲ್ಲಿ ಹೋಗಿ, ಕೇಬಲ್ ಕಾರ್‌ನಲ್ಲಿ ಗ್ರೂಚ್‌ಆಲ್ಪ್‌ಗೆ ಏರಿದರೆ ಅಲ್ಲಿಂದ ಮ್ಯೂರನ್‌ಗೆ ಬೆಟ್ಟದ ಅಂಚಿನಲ್ಲಿ ನಾಲ್ಕು ಕಿ.ಮೀ. ಉದ್ದದ ಪುಟ್ಟ ರೈಲುಮಾರ್ಗವಿದೆ, 1891ರಿಂದ ಓಡುತ್ತಿದೆ. ನಡುವಿನ ವಿಂಟರೆಗ್ ನಿಲ್ದಾಣದಲ್ಲಿ ಇಳಿದು, ಉಳಿದ ದಾರಿಯನ್ನು ಮ್ಯೂರನ್‌ಗೆ ನಡೆದರೆ ಮಕ್ಕಳೊಂದಿಗೆ ಒಂದು ಗಂಟೆಯ ಹಾದಿ. ಎದುರಿಗೆ ಐಗರ್, ಮ್ಯೋಂಶ್, ಯುಂಗ್‌ಫ್ರಾವ್ ಮೂರೂ ಶಿಖರಗಳು ಸಾಲಾಗಿ ನಿಂತಿರುತ್ತವೆ. ಮೊದಲನೆಯದು 3,967 ಮೀಟರ್, ಕೊನೆಯದು 4,158. ನಾನು ಈ ಹಾದಿಯನ್ನು ಆರಿಸಿದ್ದು ಆ ನೋಟಕ್ಕಾಗಿ ಅಲ್ಲ, ಹಾದಿಯೂ ರೈಲೂ ಹತ್ತಿರದಲ್ಲೇ ಸಾಗುತ್ತವೆ ಎಂಬ ಕಾರಣಕ್ಕೆ. ಮಗು ಅಳತೊಡಗಿದರೆ ವಿಂಟರೆಗ್‌ಗೆ ಹಿಂತಿರುಗಬಹುದು, ಮುಂದೆ ಹೋದರೆ 1,638 ಮೀಟರ್ ಎತ್ತರದ ಮ್ಯೂರನ್‌ನಲ್ಲಿ ಬೆಚ್ಚನೆಯ ಕೋಣೆ, ಶೌಚಾಲಯ, ಬಿಸಿ ಚಾಕಲೇಟ್ ಎಲ್ಲವೂ ಸಿಗುತ್ತವೆ. ಎರಡು ಮಕ್ಕಳಿರುವವರಿಗೆ ಶಿಖರಕ್ಕಿಂತ ಶೌಚಾಲಯ ದೊಡ್ಡದು.

ಕೆಲವು ಕಡೆ ನಡೆಯುವವರ ಹಾದಿಯನ್ನೇ ಜಾರುಬಂಡಿಯವರೂ ಬಳಸುತ್ತಾರೆ. ಅಂಥಲ್ಲಿ ತಿರುವಿನ ಒಳಬದಿಯಲ್ಲಿ ನಿಲ್ಲಬಾರದು, ಮಗುವಿನ ಕೈ ಬಿಡಬಾರದು.

ಪ್ರಶ್ನೆ: ಅಲ್ಲಿಯ ಬಟ್ಟೆಗಳ ಬೆಲೆ ಕೇಳಿ ಗಾಬರಿಯಾಯಿತು. ಇಲ್ಲಿಂದಲೇ ಏನೇನು ತರಬಹುದು? ನನಗೆ ಸೀರೆ ಬಿಟ್ಟು ಬೇರೆ ಉಡುಪಿನ ರೂಢಿಯಿಲ್ಲ. (ಶಿವಮೊಗ್ಗ)

ಉತ್ತರ: ಬೂಟು ಒಂದನ್ನು ಬಿಟ್ಟು ಹೆಚ್ಚಿನದನ್ನು ತರಬಹುದು. ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು ಎಂಬುದೊಂದೇ ದೊಡ್ಡ ನಿಯಮ. ಹತ್ತಿ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ಕೂಡಲೇ ಬೆನ್ನಿಗೆ ತಣ್ಣೀರು ಬಟ್ಟೆ ಹೊದಿಸಿದಂತಾಗುತ್ತದೆ. ತೆಳುವಾದ ಉಣ್ಣೆಯದೋ ಸಿಂಥೆಟಿಕ್ ನೂಲಿನದೋ ಒಳ ಅಂಗಿ ಮತ್ತು ಪೈಜಾಮ, ಅದರ ಮೇಲೆ ಉಣ್ಣೆಯ ಸ್ವೆಟರ್, ಎಲ್ಲಕ್ಕೂ ಮೇಲೆ ಗಾಳಿ ಮತ್ತು ನೀರು ತಡೆಯುವ ಜಾಕೆಟ್. ದಪ್ಪನೆಯ ಒಂದು ಕೋಟಿಗಿಂತ ತೆಳುವಾದ ಮೂರು ಪದರಗಳು ಮೇಲು, ಏಕೆಂದರೆ ಏರುವಾಗ ಒಂದನ್ನು ತೆಗೆದು ಚೀಲಕ್ಕೆ ಹಾಕಬಹುದು. ಹೊರಡುವಾಗ ಸ್ವಲ್ಪ ಚಳಿ ಎನಿಸುವಷ್ಟೇ ಹಾಕಿಕೊಳ್ಳಬೇಕು; ಹತ್ತು ನಿಮಿಷ ನಡೆದರೆ ಸರಿಹೋಗುತ್ತದೆ.

ಸೀರೆಯ ಮಾತು. ಹಿಮದಲ್ಲಿ ಸೆರಗು ತೊಂದರೆ ಕೊಡದು, ನೆರಿಗೆ ಕೊಡುತ್ತದೆ. ಅಂಚು ಒದ್ದೆಯಾಗಿ ಹೆಪ್ಪುಗಟ್ಟಿ ತಗಡಿನಂತೆ ಕಾಲಿಗೆ ಬಡಿಯುತ್ತದೆ, ಊರುಗೋಲು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಆ ನಾಲ್ಕು ಗಂಟೆಗಳ ಮಟ್ಟಿಗೆ ಪ್ಯಾಂಟು ಹಾಕಿಕೊಳ್ಳಿ ಎಂದು ವಿನಂತಿಸುತ್ತೇನೆ. ಮನಸ್ಸು ಒಪ್ಪದಿದ್ದರೆ ಉದ್ದನೆಯ ಕುರ್ತಾ ಮೇಲೆ ಜಾಕೆಟ್ ಹಾಕಿದರೂ ನಡೆಯುತ್ತದೆ.

ಬೂಟು ಮಾತ್ರ ಅಲ್ಲಿಯೇ ಕೊಳ್ಳಿ ಅಥವಾ ಅಲ್ಲಿರುವ ನಿಮ್ಮವರದು ಅಳತೆಗೆ ಬಂದರೆ ಹಾಕಿಕೊಳ್ಳಿ. ಗೆಣ್ಣು ಮುಚ್ಚಬೇಕು, ನೀರು ಇಳಿಯಬಾರದು, ಅಟ್ಟೆಯ ಹಲ್ಲುಗಳು ಆಳವಾಗಿರಬೇಕು, ದಪ್ಪ ಕಾಲುಚೀಲ ಹಾಕಿದ ಮೇಲೂ ಬೆರಳು ಆಡುವಂತಿರಬೇಕು. ಬಿಗಿಯಾದ ಬೂಟಿನಲ್ಲಿ ಎರಡು ಜೊತೆ ಕಾಲುಚೀಲ ತುರುಕಿದರೆ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಬೂಟಿನ ಮೇಲೆ ರಬ್ಬರಿನಂತೆ ಎಳೆದು ಹಾಕುವ, ಅಡಿಯಲ್ಲಿ ಚಿಕ್ಕ ಉಕ್ಕಿನ ಮೊಳೆಗಳಿರುವ ಜೋಡಿಯೊಂದು ಅಲ್ಲಿಯ ಕ್ರೀಡಾ ಅಂಗಡಿಗಳಲ್ಲಿ ಸಿಗುತ್ತದೆ. ನೆಲ ಹೆಪ್ಪುಗಟ್ಟಿದ ಬೆಳಗಿನಲ್ಲಿ ಹಿರಿಯರನ್ನು ಬೀಳದಂತೆ ಕಾಯುವುದು ಅದು. ಊರುಗೋಲಿನ ತುದಿಯಲ್ಲಿ ಅಗಲವಾದ ಬಿಲ್ಲೆ ಇರಬೇಕು, ಇಲ್ಲದಿದ್ದರೆ ಕೋಲು ಹಿಮದೊಳಗೆ ಇಳಿದುಹೋಗುತ್ತದೆ.

ತಂಪು ಕನ್ನಡಕವನ್ನು ಶೋಕಿ ಎಂದು ತಿಳಿಯಬೇಡಿ. ಹೊಸ ಹಿಮವು ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಶೇ. 80ರವರೆಗೆ ಹಿಂದಕ್ಕೆ ಎರಚುತ್ತದೆ. ಬಿಸಿಲು ಮೇಲಿನಿಂದಲೂ ಕೆಳಗಿನಿಂದಲೂ ಬೀಳುವುದರಿಂದ ಗದ್ದದ ಅಡಿ, ಮೂಗಿನ ಹೊಳ್ಳೆ ಸುಡುವುದುಂಟು. ತುಟಿಗೆ, ಕೆನ್ನೆಗೆ ಮುಲಾಮು ಬೇಕು. ಕೊಬ್ಬರಿ ಎಣ್ಣೆಯನ್ನು ನೆಚ್ಚಿಕೊಂಡು ಹೋಗಬೇಡಿ. ಶಿವಮೊಗ್ಗದ ಚಳಿಗೇ ಬಾಟಲಿಯಲ್ಲಿ ಕಲ್ಲಾಗುವ ಅದು ಅಲ್ಲಿ ಸ್ಪೂನಿಗೂ ಬಗ್ಗುವುದಿಲ್ಲ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಬೆಟ್ಟದ ಮೇಲೆ ಊಟಕ್ಕೆ ಏನು ಗತಿ? (ಉಡುಪಿ)

ಉತ್ತರ: ಬುತ್ತಿ ಕಟ್ಟಿಕೊಳ್ಳುವುದೇ ನೆಮ್ಮದಿ. ಅನ್ನದ ಯಾವ ತಿಂಡಿಯೂ ಆ ಚಳಿಯಲ್ಲಿ ಉದುರುದುರಾಗಿ ಗಂಟಲಿಗೆ ಇಳಿಯುವುದಿಲ್ಲ. ಚಪಾತಿ ಸುರುಳಿಯನ್ನು ಕೋಟಿನೊಳಗೆ ಇಟ್ಟುಕೊಂಡರೆ ಮೆತ್ತಗಿರುತ್ತದೆ. ಕೋಡುಬಳೆ, ಹುರಿಗಡಲೆ ಬೆಲ್ಲ, ಒಣಹಣ್ಣು ಚೆನ್ನಾಗಿ ಸಾಗುತ್ತವೆ. ಥರ್ಮಾಸ್ ಫ್ಲಾಸ್ಕಿನಲ್ಲಿ ಮೆಣಸಿನ ಸಾರು ಒಯ್ದು ಹಿಮದ ನಡುವೆ ಬೆಂಚಿನ ಮೇಲೆ ಕುಳಿತು ಕುಡಿದ ಅನುಭವವನ್ನು ನಾನು ವಿವರಿಸುವುದಕ್ಕಿಂತ ನೀವೇ ಮಾಡಿ ನೋಡುವುದು ಮೇಲು. ಚಳಿಯಲ್ಲಿ ಬಾಯಾರಿಕೆ ತಿಳಿಯದಿದ್ದರೂ ಒಣಗಾಳಿಗೆ ನೀರು ಕಳೆಯುತ್ತಿರುತ್ತದೆ, ಬಿಸಿನೀರನ್ನು ಆಗಾಗ ಗುಟುಕರಿಸಬೇಕು.

ಹೋಟೆಲಿನಲ್ಲಿ ಕೇಳಿ ತಿಳಿಯಬೇಕಾದ ಸೂಕ್ಷ್ಮಗಳಿವೆ. ಹುರಿದ ಆಲೂಗಡ್ಡೆಯ ರ್‍ಯೋಸ್ಟಿ ಸಸ್ಯಾಹಾರವೆಂದು ಕಂಡರೂ ಕೆಲವೆಡೆ ಹಂದಿಮಾಂಸದ ಚೂರು ಹಾಕುತ್ತಾರೆ. ಗ್ರಾವುಬುಂಡನ್ ಸೀಮೆಯ ಬಾರ್ಲಿ ಸೂಪಿನಲ್ಲಿ ಸಾಮಾನ್ಯವಾಗಿ ಮಾಂಸವಿರುತ್ತದೆ. ಫಾಂಡ್ಯೂ ಎಂಬ ಕರಗಿಸಿದ ಚೀಸಿನ ಪಾತ್ರೆಯಲ್ಲಿ ಬಿಳಿ ದ್ರಾಕ್ಷಾರಸವೂ ಹೆಚ್ಚಾಗಿ ಚೆರ್ರಿಯ ಮದ್ಯವೂ ಸೇರಿರುತ್ತವೆ. ಅಲ್ಲಿಯ ಸಾಂಪ್ರದಾಯಿಕ ಗಟ್ಟಿ ಚೀಸುಗಳಿಗೆ ಕರುವಿನ ಜಠರದಿಂದ ತೆಗೆದ ಹೆಪ್ಪು ಬಳಸುವ ರೂಢಿಯಿದೆ. ಇದನ್ನೆಲ್ಲ ಎಷ್ಟು ಕಟ್ಟುನಿಟ್ಟಾಗಿ ನೋಡಬೇಕೆಂಬುದು ನಿಮ್ಮ ಮನೆಯ ಆಚಾರಕ್ಕೆ ಬಿಟ್ಟದ್ದು.

ಪ್ರಶ್ನೆ: ತಾಯಿಗೆ ರಕ್ತದೊತ್ತಡವಿದೆ, ಮಾತ್ರೆಯಿಂದ ಹಿಡಿತದಲ್ಲಿದೆ. ಎಷ್ಟು ಎತ್ತರದವರೆಗೆ ಕರೆದೊಯ್ಯಬಹುದು? (ಜಿನೀವಾ)

ಉತ್ತರ: ಅವರ ವೈದ್ಯರನ್ನು ಕೇಳದೆ ಎತ್ತರದ ಮಿತಿಯನ್ನು ನಾನು ಹೇಳಲಾರೆ. ಸಾಮಾನ್ಯ ತಿಳಿವಳಿಕೆಗಾಗಿ: 2,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 80ಕ್ಕಿಂತ ತುಸು ಕಡಿಮೆ. ತಣ್ಣನೆಯ ಗಾಳಿಗೆ ರಕ್ತನಾಳಗಳು ಬಿಗಿಯುವುದರಿಂದ ಒತ್ತಡ ಏರುವ ಸಾಧ್ಯತೆಯೂ ಇದೆ. ಕೇಬಲ್ ಕಾರ್ ಕೆಲವೇ ನಿಮಿಷಗಳಲ್ಲಿ ಸಾವಿರ ಮೀಟರ್ ಏರಿಸಿಬಿಡುತ್ತದೆ, ದೇಹ ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ. ಮೊದಲ ವಾರಗಳಲ್ಲಿ 1,500 ಮೀಟರಿನ ಆಸುಪಾಸಿನ ಹಾದಿಗಳನ್ನೇ ಆರಿಸಿ, ಅವರು ಉಸಿರು ಕಟ್ಟದೆ ಮಾತನಾಡುತ್ತಾ ನಡೆಯುತ್ತಿದ್ದಾರೆಯೇ ಗಮನಿಸಿ. ಎಂಗಾಡಿನ್‌ನ ಮುಓಟಾಸ್ ಮುರಾಗ್ಲ್ ಬೆಟ್ಟದ ಮೇಲೆ ತತ್ವಜ್ಞಾನಿಗಳ ದಾರಿ ಎಂಬ ಹೆಸರಿನ 7 ಕಿ.ಮೀ. ಸುತ್ತು ಇದೆ. ಬಹಳ ಸೊಗಸಾದದ್ದು, ಆದರೆ ಅದು ಆರಂಭವಾಗುವುದೇ 2,450 ಮೀಟರ್ ದಾಟಿದ ಮೇಲೆ. ತಾಯಿಯವರಿಗೆ ಅದಕ್ಕಿಂತ ಕೆಳಗೆ, ಪೋಂಟ್ರೆಸೀನಾದಿಂದ ಹೊರಡುವ ರೋಸೆಗ್ ಕಣಿವೆ ಮೇಲು. ಕಾಡಿನ ನಡುವೆ ಸುಮಾರು 7 ಕಿ.ಮೀ. ಸಾವಧಾನವಾಗಿ ಏರುವ ದಾರಿ. ಪುಟ್ಟ ಚೇಕಡಿ ಹಕ್ಕಿಗಳು ಕೈಮೇಲೆ ಕೂತು ಕಾಳು ತಿನ್ನುತ್ತವೆ. ಮೊದಲೇ ಕಾದಿರಿಸಿದರೆ ಹಿಂತಿರುಗಲು ಕುದುರೆಗಾಡಿ ಸಿಗುತ್ತದೆ.

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿದ್ದೇವೆ, ಕಾರು ಇಲ್ಲ. ಒಂದು ದಿನದಲ್ಲಿ ಹೋಗಿಬರುವಂಥ ಹಾದಿ ಯಾವುದು? (ಮ್ಯೂನಿಕ್)

ಉತ್ತರ: ಗಡಿಯಾಚೆ ಆಸ್ಟ್ರಿಯಾದ ಟಿರೋಲ್‌ನಲ್ಲಿರುವ ಸೀಫೆಲ್ಡ್‌ಗೆ ಹೋಗಿ. ಗಾರ್ಮಿಶ್, ಮಿಟ್ಟನ್‌ವಾಲ್ಡ್ ದಾಟಿ ಬರುವ, 1912ರಲ್ಲಿ ತೆರೆದ ಬೆಟ್ಟದ ರೈಲುಮಾರ್ಗದಲ್ಲಿ ಎರಡು ಗಂಟೆಗೆ ತುಸು ಹೆಚ್ಚಿನ ಪ್ರಯಾಣ. ಸೀಫೆಲ್ಡ್ ಸುಮಾರು 1,200 ಮೀಟರ್ ಎತ್ತರದ ಪ್ರಸ್ಥಭೂಮಿ. ರೈಲಿನಿಂದ ಇಳಿದ ಜಾಗದಿಂದಲೇ ಹಾದಿಗಳು ಕವಲೊಡೆಯುವುದರಿಂದ ಕೇಬಲ್ ಕಾರ್‌ನ ಗೊಡವೆಯೇ ಇಲ್ಲ, ಎಂದರೆ ಹಿಂತಿರುಗುವ ಚಿಂತೆ ಅರ್ಧ ಕಳೆಯಿತು. ಮೊದಲ ಸಲ ವಿಲ್ಡ್‌ಸೇ ಸರೋವರದ ಸುತ್ತ ನಡೆಯಿರಿ, ಎರಡನೆಯ ಸಲ ಮ್ಯೋಸರ್ನ್ ಹಳ್ಳಿಯವರೆಗೆ. ಇನ್ ನದಿಯ ಕಣಿವೆ ಅಲ್ಲಿಂದ ಅಂಗೈಯಲ್ಲಿಟ್ಟಂತೆ ಕಾಣುತ್ತದೆ.

1964 ಮತ್ತು 1976ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನ ದೂರದೋಟದ ಸ್ಕೀ ಸ್ಪರ್ಧೆಗಳು ನಡೆದದ್ದು ಇಲ್ಲಿಯೇ. ಆದ್ದರಿಂದ ಸಮಾಂತರವಾದ ಎರಡು ಗೆರೆಗಳನ್ನು ಕೊರೆದ ಸ್ಕೀ ಜಾಡುಗಳು ನಿಮ್ಮ ಹಾದಿಯ ಪಕ್ಕದಲ್ಲೇ ಸಾಗುತ್ತವೆ. ನೋಡಲು ನುಣುಪಾಗಿ, ನಡೆಯಲು ಆಹ್ವಾನಿಸುವಂತಿದ್ದರೂ ಅವುಗಳ ಮೇಲೆ ಕಾಲಿಡಬಾರದು. ಒಂದು ಬೂಟಿನ ಗುಂಡಿ ವೇಗವಾಗಿ ಬರುವ ಸ್ಕೀಯವರನ್ನು ಬೀಳಿಸುತ್ತದೆ. ಗದ್ದೆಯಲ್ಲಿ ನಾಟಿಯ ಸಾಲನ್ನು ತುಳಿದರೆ ರೈತ ಕೂಗುವಂತೆಯೇ ಅಲ್ಲಿಯವರೂ ಕೂಗುತ್ತಾರೆ, ಅದು ನ್ಯಾಯವೇ.

ಪ್ರಶ್ನೆ: ಇಂಥ ಹಾದಿಗಳು ನಮ್ಮ ಹಿಮಾಲಯದಲ್ಲಿ ಏಕಿಲ್ಲ? ಅಲ್ಲಿಯೂ ಚಳಿಗಾಲದ ಚಾರಣಗಳಿವೆಯಲ್ಲ? (ಬೆಂಗಳೂರು)

ಉತ್ತರ: ಇವೆ, ಆದರೆ ಜಾತಿ ಬೇರೆ. ಉತ್ತರಾಖಂಡದ ಕೇದಾರಕಂಠವನ್ನು ಬೆಂಗಳೂರಿನ ಅನೇಕರು ಮೊದಲ ಹಿಮಚಾರಣವೆಂದು ಆರಿಸುತ್ತಾರೆ. ಅದರ ತುದಿ 3,800 ಮೀಟರ್ ಎತ್ತರದಲ್ಲಿದೆ, ಗುಡಾರದಲ್ಲಿ ಮಲಗಬೇಕು, ಕತ್ತಲಲ್ಲಿ ಎದ್ದು ಏರಬೇಕು. ಯಂತ್ರ ಹದಗೊಳಿಸಿದ ಹಾದಿ, ಗಂಟೆಗೊಮ್ಮೆ ಕೆಳಗಿಳಿಸುವ ರೈಲು ಅಲ್ಲಿಲ್ಲ. ಆಲ್ಪ್ಸ್‌ನಲ್ಲಿ ಪ್ರವಾಸಿಗರಿಗಾಗಿ, ಆಮೇಲೆ ಸ್ಕೀ ಆಟಕ್ಕಾಗಿ ಬೆಟ್ಟದ ತಲೆಯವರೆಗೂ ವಾಹನ ವ್ಯವಸ್ಥೆ ಮೊದಲೇ ಬೆಳೆದಿತ್ತು, ನಡೆಯುವವರ ಹಾದಿ ಅದರ ಬೆನ್ನಿಗೆ ಬಂತು. ರಿಗಿಯಲ್ಲಿ ಸುಲಭವಾಗಿ ನಡೆದೆನೆಂಬ ಧೈರ್ಯದ ಮೇಲೆ ಕೇದಾರಕಂಠಕ್ಕೆ ಹೆಸರು ಕೊಡಬೇಡಿ.

ಪ್ರಶ್ನೆ: ರಜೆ ಹಾಕಿ, ಟಿಕೆಟ್ ತೆಗೆದು ಹೋದ ದಿನ ಹಿಮವೇ ಇಲ್ಲದಿದ್ದರೆ? (ಲೂಸರ್ನ್)

ಉತ್ತರ: ಕಡಿಮೆ ಎತ್ತರದ ಬೆಟ್ಟಗಳಲ್ಲಿ ಇದು ಈಗ ಅಪರೂಪವಲ್ಲ. ಹಿಮವಿಲ್ಲದ ದಿನ ಅದೇ ಹಾದಿ ಕೆಸರಾಗಿರುತ್ತದೆ, ನೆರಳಿನ ತಿರುವುಗಳಲ್ಲಿ ಹೆಪ್ಪುಗಟ್ಟಿರುತ್ತದೆ. ಹದವಾದ ಹಿಮಕ್ಕಿಂತ ಅದರ ಮೇಲೆ ಜಾರಿ ಬೀಳುವ ಸಂಭವ ಹೆಚ್ಚು. ಆದ್ದರಿಂದ ದಿನಾಂಕ ಹತ್ತಿರವಾಗುವವರೆಗೆ ಟಿಕೆಟನ್ನು ಒಂದೇ ಬೆಟ್ಟಕ್ಕೆ ಕಟ್ಟಿಹಾಕಿಕೊಳ್ಳದೆ, 1,500 ಮೀಟರಿನ ಒಂದು ಜಾಗವನ್ನೂ 1,900 ಮೀಟರ್ ದಾಟಿದ ಇನ್ನೊಂದನ್ನೂ ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಲೂಸರ್ನ್‌ನವರಾದ ನಿಮಗೆ ಮೊದಲನೆಯದು ರಿಗಿ. ಎರಡನೆಯದಕ್ಕೆ ವಾಲೈ ಸೀಮೆಯ ರೀಡರ್‌ಆಲ್ಪ್ ಮತ್ತು ಬೆಟ್ಮರ್‌ಆಲ್ಪ್ ಊರುಗಳ ನಡುವಣ ಬಿಸಿಲು ಹಾದಿಯನ್ನು ಇಟ್ಟುಕೊಳ್ಳಿ. ಎರಡೂ 1,900 ಮೀಟರ್ ದಾಟಿದ ಕಾರಿಲ್ಲದ ಊರುಗಳು, ಎರಡರಿಂದಲೂ ಕಣಿವೆಗೆ ಇಳಿಯಲು ಕೇಬಲ್ ಕಾರ್ ಇದೆ. ಪ್ರಯಾಣ ದೂರವಾದ್ದರಿಂದ ಅಲ್ಲಿಗೆ ಹೋಗುವ ದಿನ ಮನೆಯಿಂದ ಏಳು ಗಂಟೆಗೇ ಹೊರಡಬೇಕು, ಮಧ್ಯಾಹ್ನದ ಊಟವನ್ನು ನಡಿಗೆ ಮುಗಿದ ಮೇಲೆ ಇಟ್ಟುಕೊಳ್ಳಬೇಕು.